ಅಂಗೈ ಮೇಲಕ್ಕೆ

ಓಟಿಯ, ಅಂದರೆ ಶಸ್ತ್ರಚಿಕಿತ್ಸಾ ಕೊಠಡಿಯ, ಮೇಜು ಎಷ್ಟು ಕಿರಿದು ಎನ್ನುವುದು ಅದರ ಮೇಲೆ ಎಚ್ಚರವಾಗಿ ಮಲಗಿ ನೋಡಿದವರಿಗೇ ಗೊತ್ತು. ನಮ್ಮ ಮನೆಯ ಜಗಲಿಯ ಬೆಂಚು ಕೂಡ ಅದಕ್ಕಿಂತ ಅಗಲವಿದೆ. ಹೊರಳುವ ಮಾತೇ ಇಲ್ಲ. ತೋಳುಗಳಿಗೆ ಅದರಲ್ಲಿ ಜಾಗವೇ ಸಾಲದು, ಹಾಗಾಗಿ ಎರಡೂ ಬದಿಗೆ ಹಲಗೆ ಸಿಕ್ಕಿಸಿ ಕೈಗಳನ್ನು ಅವುಗಳ ಮೇಲೆ ಚಾಚಿ ಇಡುತ್ತಾರೆ. ಮೂರನೆಯ ವರ್ಷದಲ್ಲಿ ಒಂದು ಸಂಜೆ, ಆ ದಿನದ ಪಟ್ಟಿಯೆಲ್ಲ ಮುಗಿದು ನೆಲ ಒರೆಸಿ ಆದ ಮೇಲೆ, ನಮ್ಮ ಹಿರಿಯ ತಂತ್ರಜ್ಞರು ನನ್ನನ್ನು ಕರೆದು "ಇದರ ಮೇಲೆ ಮಲಗು" ಎಂದರು. ಮಲಗಿದೆ. ಅವರು ಹಾಗೇಕೆ ಹೇಳಿದರು ಎನ್ನುವುದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ. ಇಂಟರ್ನ್‌ಶಿಪ್ ಮುಗಿಯುತ್ತಾ ಬಂದಿದೆ, ಈಗ ಬರೆಯದಿದ್ದರೆ ಮುಂದೆ ಬರೆಯಲಾರೆ.

ನನ್ನದು ಬಂಟ್ವಾಳ ತಾಲೂಕಿನ ಒಂದು ಹಳ್ಳಿ. ಅಮ್ಮ ಬೀಡಿ ಕಟ್ಟುತ್ತಾರೆ. ನಮ್ಮ ಕಡೆ ಅದು ಯಾರಿಗೂ ವಿವರಿಸಬೇಕಾದ ವಿಷಯವಲ್ಲ. ಮಡಿಲಲ್ಲಿ ತಡ್ಪೆ ಎಂಬ ಮೊರ, ತಡ್ಪೆಯಲ್ಲಿ ಎಲೆ ಮತ್ತು ಹೊಗೆಸೊಪ್ಪು, ಬೆರಳಿಗೆ ಸುತ್ತಿದ ನೂಲು. ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಕೊಟ್ಟು ಲೆಕ್ಕ ಬರೆಸಿಕೊಂಡು ಬರುವುದು. ನಾನು ಓದಿದ್ದು ಆ ದುಡ್ಡಿನಲ್ಲಿ, ಮತ್ತು ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರ್ಕಾರದಿಂದ ಸಿಗುವ ವಿದ್ಯಾರ್ಥಿವೇತನದಲ್ಲಿ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದೆ. ಡಾಕ್ಟರ್ ಆಗುವಷ್ಟು ಅಂಕವೂ ಇರಲಿಲ್ಲ, ಅಷ್ಟು ಹಣವೂ ಇರಲಿಲ್ಲ. ಕಾಲೇಜಿನ ಉಪನ್ಯಾಸಕಿಯೊಬ್ಬರು ಅರಿವಳಿಕೆ ಮತ್ತು ಶಸ್ತ್ರಚಿಕಿತ್ಸಾ ಕೊಠಡಿ ತಂತ್ರಜ್ಞಾನ ಎಂಬ ಬಿ.ಎಸ್ಸಿ. ಕೋರ್ಸ್ ಇದೆ, ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್ ಎಂದರು. ಆ ಹೆಸರನ್ನು ಅಮ್ಮನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆಪರೇಷನ್ ಆಗುವಾಗ ನೀನು ಒಳಗೆ ಇರುತ್ತೀಯಾ?" ಇರುತ್ತೇನೆ ಎಂದೆ. "ಹಾಗಾದರೆ ಒಳ್ಳೆಯದು" ಎಂದರು. ಅವರಿಗೆ ಗರ್ಭಕೋಶದ ಶಸ್ತ್ರಚಿಕಿತ್ಸೆ ಆದಾಗ ನಾನು ಆರನೆಯ ತರಗತಿಯಲ್ಲಿದ್ದೆ, ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಆ ಬಾಗಿಲಿನ ಒಳಗೆ ತನ್ನವರು ಯಾರೂ ಇರಲಿಲ್ಲ ಎನ್ನುವುದು ಅವರ ಮನಸ್ಸಿನಲ್ಲಿ ಉಳಿದಿತ್ತು ಎಂದು ನನಗೆ ತಿಳಿದದ್ದು ಅಂದೇ.

ಮಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಬಸ್ಸಿನಲ್ಲಿ ಕೂತರೆ ಹಂಪನಕಟ್ಟೆಯಲ್ಲಿ ವೆನ್ಲಾಕ್, ಲೇಡಿ ಗೋಷನ್, ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಎಂದು ನಿಲ್ದಾಣಗಳ ಹೆಸರೇ ಆಸ್ಪತ್ರೆಗಳ ಹೆಸರು. ಅತ್ತ ಮಣಿಪಾಲದಲ್ಲಿ ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದ ಮೇಲೆ ಈ ಕರಾವಳಿಯೇ ಒಂದು ದೊಡ್ಡ ಆಸ್ಪತ್ರೆಯಂತಾಯಿತು. ಕಾಸರಗೋಡಿನಿಂದ, ಚಿಕ್ಕಮಗಳೂರಿನಿಂದ, ಶಿವಮೊಗ್ಗದಿಂದ, ಕಾರವಾರದಿಂದ ಜನ ಇಲ್ಲಿಗೇ ಬರುತ್ತಾರೆ. ವೆನ್ಲಾಕ್ ಆಸ್ಪತ್ರೆ ಆರಂಭವಾದದ್ದು 1848ರಲ್ಲಿ. ಅರಿವಳಿಕೆಯ ಇತಿಹಾಸ ಓದುವಾಗ ನಾನು ಈ ಇಸವಿಯನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡಿದ್ದೆ. ಅಮೆರಿಕದ ಬಾಸ್ಟನ್‌ನಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರ್ ಮೂಸಿಸಿ, ನೋವಿಲ್ಲದೆ ಶಸ್ತ್ರಚಿಕಿತ್ಸೆ ಸಾಧ್ಯ ಎಂದು ಎಲ್ಲರೆದುರು ತೋರಿಸಿದ್ದು 1846ರ ಅಕ್ಟೋಬರ್ 16ರಂದು. ನಮ್ಮ ಹಂಪನಕಟ್ಟೆಯ ಆಸ್ಪತ್ರೆಗಿಂತ ಎರಡು ವರ್ಷವಷ್ಟೇ ಹಿರಿದು ಆ ವಿದ್ಯೆ. ಅದಕ್ಕೂ ಹಿಂದೆ, ಕೊಯ್ಯುವಾಗ ನಾಲ್ಕು ಜನ ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತು. ಆಗ ರೋಗಿ ಕೂಗುತ್ತಿದ್ದ. ಎಲ್ಲಿ ನೋಯುತ್ತಿದೆ ಎಂಬುದು ಊರಿಗೇ ಕೇಳುತ್ತಿತ್ತು. ಅರಿವಳಿಕೆ ಆ ಕೂಗನ್ನು ನಿಲ್ಲಿಸಿತು. ಅದು ಮನುಷ್ಯನಿಗೆ ಸಿಕ್ಕ ದೊಡ್ಡ ವರ. ಆದರೆ ಮಾತು ನಿಂತ ಮೈಗೆ ಬೇರೆಯವರು ಮಾತಾಗಬೇಕಾಯಿತು. ನಮ್ಮ ಕೆಲಸ ಹುಟ್ಟಿದ್ದು ಅಲ್ಲಿ ಎಂದು ನಾನು ತಿಳಿದಿದ್ದೇನೆ.

ಮೊದಲ ವರ್ಷದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ ಅಂಗರಚನಾಶಾಸ್ತ್ರದ ಇಂಗ್ಲಿಷ್ ಹೆಸರುಗಳು ಹೇಗಿರುತ್ತವೆ ಎಂದು ಗೊತ್ತಿರುವವರಿಗೆ ಗೊತ್ತು. ರಾತ್ರಿ ಹಾಸ್ಟೆಲಿನಲ್ಲಿ ನರಗಳ ಹೆಸರುಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆವು. ಮೊಣಕೈಯ ಒಳಬದಿಯಲ್ಲಿ ಮೂಳೆಯ ಗಂಟಿನ ಹಿಂದೆ ಚರ್ಮಕ್ಕೆ ಅಂಟಿಕೊಂಡ ಹಾಗೆ ಹಾದುಹೋಗುವ ನರದ ಹೆಸರು ಅಲ್ನಾರ್. ಗೋಡೆಗೆ ಮೊಣಕೈ ತಾಗಿದಾಗ ಕರೆಂಟ್ ಹೊಡೆದ ಹಾಗಾಗುತ್ತದಲ್ಲ, ಅದು ಇದೇ. ಪರೀಕ್ಷೆಯಲ್ಲಿ ಅದರ ಬಗ್ಗೆ ಐದು ಅಂಕದ ಪ್ರಶ್ನೆ ಬಂದಿತ್ತು. ಪೂರ್ತಿ ಅಂಕ ಸಿಕ್ಕಿತ್ತು. ಆ ಐದು ಅಂಕ ಮುಂದೆ ನನ್ನನ್ನು ಬಹಳ ಚುಚ್ಚಿತು.

ಎರಡನೆಯ ವರ್ಷ ಓಟಿಯೊಳಗೆ ಕಾಲಿಟ್ಟೆವು. ಕಲಿಯುವುದೆಲ್ಲ ಕಣ್ಣು, ಕಿವಿ, ಬೆರಳುಗಳ ಕೆಲಸ. ಆಕ್ಸಿಜನ್ ಸಿಲಿಂಡರಿನ ಮೈ ಕಪ್ಪು, ಭುಜ ಬಿಳಿ. ನೈಟ್ರಸ್ ಆಕ್ಸೈಡಿನದು ನೀಲಿ. ಬಣ್ಣವನ್ನಷ್ಟೇ ನಂಬಬಾರದು ಎಂದು ಸಿಲಿಂಡರಿನ ಕುತ್ತಿಗೆಯಲ್ಲಿ ಎರಡು ತೂತುಗಳಿರುತ್ತವೆ, ಅರಿವಳಿಕೆ ಯಂತ್ರದಲ್ಲಿ ಅವಕ್ಕೆ ಸರಿಹೊಂದುವ ಎರಡು ಮೊಳೆಗಳು. ಒಂದೊಂದು ಅನಿಲಕ್ಕೆ ಒಂದೊಂದು ಜಾಗ. ಬೇರೆ ಅನಿಲದ ಸಿಲಿಂಡರ್ ಆ ಜಾಗದಲ್ಲಿ ಕೂರುವುದೇ ಇಲ್ಲ. ಕತ್ತಲಲ್ಲೂ, ಅವಸರದಲ್ಲೂ ತಪ್ಪಾಗದ ಹಾಗೆ ಯಾರೋ ಎಂದೋ ಯೋಚಿಸಿ ಮಾಡಿಟ್ಟ ಈ ಮೊಳೆಗಳನ್ನು ಮೊದಲ ಸಲ ಮುಟ್ಟಿ ನೋಡಿದಾಗ ನನಗೆ ನಿಜವಾಗಿ ಕೈಮುಗಿಯಬೇಕೆನಿಸಿತ್ತು.

ಉಪಕರಣ, ಬಟ್ಟೆಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್ ಕೋಣೆಯಲ್ಲಿ ಕಲಿತದ್ದೂ ಕಡಿಮೆಯಲ್ಲ. 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕನಿಷ್ಠ 15 ನಿಮಿಷ. ಬಟ್ಟೆಯ ಗಂಟಿನ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಕಪ್ಪು ಗೆರೆಗಳು ಮೂಡಬೇಕು. ಗೆರೆ ಮೂಡಿದರೆ ಗಂಟು ಹಬೆ ಕಂಡಿದೆ ಎಂದಷ್ಟೇ ಅರ್ಥ. ಒದ್ದೆಯಾದ ಗಂಟು ಶುದ್ಧವಲ್ಲ, ಗೆರೆ ಎಷ್ಟೇ ಕಪ್ಪಗಿರಲಿ. ಜುಲೈ ತಿಂಗಳಲ್ಲಿ, ಮಂಗಳೂರಿನ ಮಳೆ ಗೋಡೆಗಳೊಳಗೇ ಇಳಿಯುವ ದಿನಗಳಲ್ಲಿ, ಪ್ರತಿಯೊಂದು ಗಂಟನ್ನೂ ಅಂಗೈಯಿಂದ ಒತ್ತಿ ನೋಡುವುದು ನನಗೆ ಅಭ್ಯಾಸವಾಗಿ ಹೋಯಿತು. ಈಗ ಊರಿಗೆ ಹೋದರೆ ಹಗ್ಗದ ಮೇಲಿನ ಬಟ್ಟೆಯನ್ನೂ ಹಾಗೇ ಒತ್ತಿ ನೋಡುತ್ತೇನೆ.

ಕಿವಿಯ ಕೆಲಸವೆಂದರೆ ಪಲ್ಸ್ ಆಕ್ಸಿಮೀಟರಿನದು. ಬೆರಳಿಗೆ ಸಿಕ್ಕಿಸುವ ಆ ಚಿಕ್ಕ ಚಿಮಟದ ಯಂತ್ರ ಪ್ರತಿ ನಾಡಿಮಿಡಿತಕ್ಕೂ ಒಂದು ಸದ್ದು ಮಾಡುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಾ ಹೋದ ಹಾಗೆ ಆ ಸದ್ದಿನ ಸ್ವರವೂ ಇಳಿಯುತ್ತದೆ. ಪರದೆಯ ಕಡೆ ಬೆನ್ನು ಹಾಕಿ ನಿಂತಿದ್ದರೂ ಗೊತ್ತಾಗಬೇಕು. ನಾನು ಚಿಕ್ಕಂದಿನಿಂದ ಯಕ್ಷಗಾನ ನೋಡುತ್ತಾ ಬೆಳೆದವಳು. ಭಾಗವತರ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಅರೆನಿದ್ದೆಯಲ್ಲಿದ್ದ ಅಜ್ಜ ಕಣ್ಣು ಬಿಡುತ್ತಿದ್ದರು. ಆ ಕಿವಿ ಇಲ್ಲಿ ಉಪಯೋಗಕ್ಕೆ ಬಂತು.

ಆದರೆ ಇದೆಲ್ಲದಕ್ಕಿಂತ ಕಷ್ಟದ ಪಾಠ ನಡೆಯುವುದು ಓಟಿಯ ಹೊರಗಿನ ಕೋಣೆಯಲ್ಲಿ, ರೋಗಿಯನ್ನು ಟ್ರಾಲಿಯ ಮೇಲೆ ತಂದು ನಿಲ್ಲಿಸುವ ಕಡೆ. ಹಸಿರು ಬಟ್ಟೆ, ಹಸಿದ ಹೊಟ್ಟೆ, ಕನ್ನಡಕ ಇಲ್ಲ, ಹಲ್ಲಿನ ಸೆಟ್ಟು ಇಲ್ಲ. ಮನೆಯವರು ಬಾಗಿಲಿನಾಚೆ. ಅಲ್ಲಿ ನಾವು ಕೇಳುವ ಮೊದಲ ಪ್ರಶ್ನೆ ಹೆಸರು. "ನೀವು ಇಂಥವರಾ?" ಎಂದು ಕೇಳಬಾರದು, "ನಿಮ್ಮ ಹೆಸರು ಹೇಳಿ" ಎನ್ನಬೇಕು. ಹೆದರಿದ ಮನುಷ್ಯ ಯಾವ ಹೆಸರಿಗೂ ಹೌದು ಎನ್ನುತ್ತಾನೆ. ಆಮೇಲೆ ಯಾವ ಆಪರೇಷನ್, ಯಾವ ಬದಿ, ಯಾವ ಮದ್ದು ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಪಟ್ಟಿಯೊಂದಿದೆ. ಅರಿವಳಿಕೆಗೆ ಮೊದಲು, ಕೊಯ್ಯುವ ಮೊದಲು, ರೋಗಿ ಹೊರಗೆ ಹೋಗುವ ಮೊದಲು, ಹೀಗೆ ಮೂರು ಸಲ ನಿಂತು ಗಟ್ಟಿಯಾಗಿ ಓದಬೇಕು. ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ, ದೆಹಲಿಯೂ ಸೇರಿ, ಇದನ್ನು ಪ್ರಯೋಗಿಸಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತು ಎಂದು 2009ರಲ್ಲಿ ವರದಿಯಾಯಿತು. ಬಾಯಿಬಿಟ್ಟು ಕೇಳುವುದರಿಂದ ಇಷ್ಟು ಜೀವ ಉಳಿಯುತ್ತದೆ ಎಂದರೆ ಯಾವ ಭಾಷೆಯಲ್ಲಿ ಕೇಳುತ್ತೇವೆ ಎನ್ನುವುದು ಸಣ್ಣ ವಿಷಯವಲ್ಲ. ಮಂಗಳೂರಿನ ಟ್ರಾಲಿಯ ಮೇಲೆ ತುಳು ಮಲಗಿರುತ್ತದೆ, ಕೊಂಕಣಿ ಮಲಗಿರುತ್ತದೆ, ಬ್ಯಾರಿ, ಮಲಯಾಳ, ಘಟ್ಟದ ಮೇಲಿನ ಕನ್ನಡ ಮಲಗಿರುತ್ತವೆ. "ಪೋಡ್ಯೊಡ್ಚಿ" ಎಂದರೆ ಒಬ್ಬರ ಬಿಗಿದ ಭುಜ ಸಡಿಲವಾಗುತ್ತದೆ. ಇನ್ನೊಬ್ಬರಿಗೆ "ಭಿಯೆನಾಕಾ" ಎನ್ನಬೇಕು. ಎರಡಕ್ಕೂ ಕನ್ನಡ ಒಂದೇ: ಹೆದರಬೇಡಿ.

ಒಡವೆ ತೆಗೆಸುವುದೂ ಅಲ್ಲಿಯೇ. ವಿದ್ಯುತ್ತಿನಿಂದ ರಕ್ತ ಕಟ್ಟುವ ಉಪಕರಣ ಬಳಸುವಾಗ ಮೈಮೇಲೆ ಲೋಹವಿದ್ದರೆ ಚರ್ಮ ಸುಡುವ ಅಪಾಯವಿದೆ. ಬೆರಳು ಊದಿಕೊಂಡರೆ ಉಂಗುರ ಬಿಗಿಯುತ್ತದೆ. ಕಾರಣ ಹೇಳುವುದು ಸುಲಭ. ಮೂವತ್ತು ವರ್ಷ ಕೊರಳಿನಿಂದ ಇಳಿಯದ ಕರಿಮಣಿಯನ್ನು ಬಿಚ್ಚಿಸುವುದು ಸುಲಭವಲ್ಲ. ಮೊದಮೊದಲು ನಾನು ನಿಯಮ ಹೇಳಿ ಕೈಯೊಡ್ಡಿ ನಿಲ್ಲುತ್ತಿದ್ದೆ. ಆಮೇಲೆ ನಮ್ಮ ಆಯಾ ಅಕ್ಕ ಮಾಡುವುದನ್ನು ನೋಡಿ ಕಲಿತೆ. ಅವರು ಬಾಗಿಲು ಅರೆ ತೆರೆದು ಮಗಳನ್ನೋ ಅತ್ತಿಗೆಯನ್ನೋ ಕರೆಯುತ್ತಾರೆ. ತಾಯಿಯೇ ತನ್ನ ಕೈಯಿಂದ ತೆಗೆದು ಮಗಳ ಕೈಗೆ ಕೊಡುತ್ತಾಳೆ. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ. ಆ ಎರಡು ನಿಮಿಷಕ್ಕೆ ಗೊಣಗುವ ಯಾರೊಡನೆಯೂ ನಾನು ಈಗ ವಾದಿಸುತ್ತೇನೆ.

ಇನ್ನು, ನಾನು ಆ ಸಂಜೆ ಮೇಜಿನ ಮೇಲೆ ಮಲಗಲು ಕಾರಣರಾದ ಹೆಂಗಸಿನ ವಿಷಯ.

ಐವತ್ತರ ಆಸುಪಾಸಿನವರು. ಪಿತ್ತಕೋಶದಲ್ಲಿ ಕಲ್ಲು, ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ, ತೆಗೆಯುವುದಿತ್ತು. ಹೆಸರು ಕೇಳುವಾಗಲೇ ಅವರ ಬಲಗೈಯ ತೋರುಬೆರಳು, ಹೆಬ್ಬೆರಳು ನೋಡಿದೆ. ಉಗುರಿನ ಅಂಚು ಸವೆದು, ತುದಿ ಕಂದುಬಣ್ಣಕ್ಕೆ ತಿರುಗಿ, ಚರ್ಮ ಒರಟಾಗಿತ್ತು. ಕೇಳುವ ಅಗತ್ಯವೇ ಇರಲಿಲ್ಲ. "ನನ್ನ ಅಮ್ಮನೂ ಬೀಡಿ ಕಟ್ಟುತ್ತಾರೆ" ಎಂದೆ ತುಳುವಿನಲ್ಲಿ. ಅವರ ಮುಖ ಅರಳಿತು. ದಿನಕ್ಕೆ ಎಷ್ಟು, ಯಾವ ಬ್ರಾಂಚ್, ಎಲೆ ಈಗ ಹೇಗೆ ಬರುತ್ತದೆ ಎಂದೆಲ್ಲ ಮಾತಾಯಿತು. ಅವರ ಕೈ ನನ್ನ ಕೈಯಲ್ಲಿದ್ದ ಹಾಗೆಯೇ ಒಳಗೆ ಹೋದೆವು, ಅವರು ನಿದ್ದೆ ಹೋದರು.

ಅವರ ಬಲಗೈಯನ್ನು ಹಲಗೆಯ ಮೇಲೆ ಇಟ್ಟವಳು ನಾನು. ರಕ್ತನಾಳಕ್ಕೆ ಮದ್ದು ಕೊಡುವ ಸಣ್ಣ ಕೊಳವೆ, ಕ್ಯಾನುಲಾ, ಹಾಕಿದ್ದು ಅಂಗೈಯ ಹಿಂಬದಿಯಲ್ಲಿ. ಅದು ಕಣ್ಣಿಗೆ ಕಾಣುತ್ತಿರಲಿ, ಮದ್ದು ಕೊಡಲು ಅನುಕೂಲವಾಗಲಿ ಎಂದು ಅಂಗೈಯನ್ನು ಕೆಳಮುಖ ಮಾಡಿ ಇಟ್ಟೆ. ಮೊಣಕೈ ಕೆಳಗೆ ಮೆತ್ತೆ ಇಟ್ಟಿದ್ದೇನೆ ಎಂದೇ ಅಂದುಕೊಂಡಿದ್ದೆ. ಅದು ಯಾವಾಗಲೋ ಸರಿದಿತ್ತು. ಆಮೇಲೆ ಹಸಿರು ಹೊದಿಕೆ ಬಿತ್ತು. ಹೊದಿಕೆಯ ಕೆಳಗೆ ಕೈ ಇದೆ ಎನ್ನುವುದನ್ನೇ ಎರಡು ಗಂಟೆ ಮರೆತೆ. ಪರದೆ ನೋಡಿದೆ, ಸದ್ದು ಕೇಳಿದೆ, ಕೇಳಿದ್ದನ್ನೆಲ್ಲ ತಂದುಕೊಟ್ಟೆ. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು.

ಎರಡನೆಯ ದಿನ ವಾರ್ಡಿಗೆ ಹೋದಾಗ ಅವರು ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು ಹಿಡಿದ ಹಾಗಿದೆ ಎಂದರು. ನೋವಿನ ದೂರಿನಂತೆ ಹೇಳಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದರು. ನನ್ನ ಎದೆ ಧಸಕ್ಕೆಂದಿತು. ಅರಿವಳಿಕೆ ವೈದ್ಯರನ್ನು ಕರೆದುಕೊಂಡು ಬಂದೆ. ಅವರು ಒಂದು ಕಾಗದದ ತುಂಡನ್ನು ಬೆರಳುಗಳ ಸಂದಿಯಲ್ಲಿ ಹಿಡಿಯಲು ಹೇಳಿ ಮೆಲ್ಲಗೆ ಎಳೆದರು. ಕಾಗದ ಜಾರಿ ಬಂತು. ಎಡಗೈಯಲ್ಲಿ ಅದೇ ಕಾಗದ ಗಟ್ಟಿಯಾಗಿ ನಿಂತಿತು. ನರದ ಮೇಲೆ ಒತ್ತಡ ಬಿದ್ದಿರಬಹುದು, ಹೆಚ್ಚಿನವರಿಗೆ ತಾನಾಗಿ ಸರಿಯಾಗುತ್ತದೆ, ಕಾದು ನೋಡೋಣ ಎಂದರು. ಆ ಹೆಂಗಸು ಕಾಗದವನ್ನೇ ನೋಡುತ್ತಿದ್ದರು. "ಎಲೆ ನಿಲ್ಲುತ್ತದಾ?" ಎಂದು ಕೇಳಿದರು. ವೈದ್ಯರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಎಲ್ಲ ಎಚ್ಚರಿಕೆ ವಹಿಸಿದರೂ ಕೆಲವರಿಗೆ ಹೀಗಾಗುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ನಾನು ಇಟ್ಟ ರೀತಿಯಿಂದಲೇ ಆಯಿತೆಂದು ಯಾರೂ ಖಂಡಿತವಾಗಿ ಹೇಳಲಾರರು, ವೈದ್ಯರೂ ಹೇಳಲಿಲ್ಲ. ಆದರೆ ಅಂಗೈ ಕೆಳಮುಖವಾದರೆ ಮೊಣಕೈಯ ಒಳಗಂಟು ಹಲಗೆಗೆ ಒತ್ತಿಕೊಳ್ಳುತ್ತದೆ, ಮೇಲ್ಮುಖವಾದರೆ ಆ ನರ ಒತ್ತಡದಿಂದ ಪಾರಾಗುತ್ತದೆ ಎನ್ನುವುದನ್ನು ನಾನೇ ಐದು ಅಂಕಕ್ಕೆ ಬರೆದಿದ್ದೆ. ಎಚ್ಚರವಿರುವ ಮನುಷ್ಯನಿಗೆ ಹತ್ತು ನಿಮಿಷದಲ್ಲಿ ಕೈ ಜುಮ್ಮೆಂದರೆ ತಾನೇ ಸರಿಸಿಕೊಳ್ಳುತ್ತಾನೆ. ನಿದ್ದೆಯಲ್ಲಿ ಕೂಡ ಹೊರಳುತ್ತಾನೆ. ಅರಿವಳಿಕೆಯಲ್ಲಿದ್ದವನು ಹೊರಳುವುದಿಲ್ಲ. ಅವನ ಬದಲು ಹೊರಳಿಸಬೇಕಾದವಳು ನಾನು.

ಹಿರಿಯ ತಂತ್ರಜ್ಞರಿಗೆ ಆ ದಿನವೇ ಹೇಳಿದೆ. ಗದರಿಸಲಿಲ್ಲ. ಸಂಜೆ ಮೇಜಿನ ಮೇಲೆ ಮಲಗಿಸಿದರು. ನಾನು ಆ ಹೆಂಗಸಿನ ಕೈ ಇಟ್ಟ ಹಾಗೆಯೇ ನನ್ನ ಬಲಗೈಯನ್ನು ಇಟ್ಟು, ಮಣಿಕಟ್ಟಿಗೆ ಪಟ್ಟಿ ಸುತ್ತಿ, ಮೇಲೆ ಹೊದಿಕೆ ಎಳೆದು, ಗಡಿಯಾರ ನೋಡಿ, "ಅಲುಗಾಡಬೇಡ" ಎಂದು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತರು.

ಚಳಿ. ಅದು ಮೊದಲು. ನಾವು ಓಡಾಡುವವರಿಗೆ ಹಿತವೆನಿಸುವ ತಂಪು ಅಲ್ಲಾಡದೆ ಮಲಗಿದವರಿಗೆ ಎಲುಬಿಗೆ ಇಳಿಯುತ್ತದೆ. ಮೇಲೆ ದೊಡ್ಡ ದೀಪ, ಹೊತ್ತಿಸಿರಲಿಲ್ಲ. ಅದರ ಗಾಜಿನಲ್ಲಿ ನನ್ನ ಮುಖ ತುಂಡುತುಂಡಾಗಿ ಕಾಣುತ್ತಿತ್ತು. ಹೊರಗೆ ಯಾರೋ ಬಕೆಟ್ ಇಟ್ಟ ಸದ್ದು ಸಿಡಿಲಿನ ಹಾಗೆ ಕೇಳಿತು. ಒಳಗೆ ನಾವು ಸ್ಟೀಲಿನ ತಟ್ಟೆಗಳನ್ನು ಎಷ್ಟು ಜೋರಾಗಿ ಇಡುತ್ತೇವೆ ಎಂದು ನೆನಪಾಯಿತು. ಸ್ವಲ್ಪ ಹೊತ್ತಿಗೆ ಸೊಂಟದ ಕೆಳಗೆ ನೋವು. ಆಮೇಲೆ ಮೊಣಕೈಯಲ್ಲಿ ಒಂದು ಬಿಂದು. ಬಿಂದುವಿನಿಂದ ಒಂದು ಗೆರೆ. ಗೆರೆ ಕಿರುಬೆರಳಿನವರೆಗೆ ಹರಿದು ಅಲ್ಲಿ ಇರುವೆ ಮುತ್ತಿದ ಹಾಗಾಯಿತು. ಸರಿಸಿಕೊಳ್ಳಬೇಕು ಎಂದು ಮೈಯೆಲ್ಲ ಕೇಳುತ್ತಿತ್ತು. ಸರಿಸಲಿಲ್ಲ. ಅವರು ಎದ್ದು ಹೊದಿಕೆ ತೆಗೆದಾಗ ಇಪ್ಪತ್ತು ನಿಮಿಷ ಆಗಿತ್ತು, ಅಷ್ಟೇ. ನನ್ನ ಕೈಯನ್ನು ತಿರುಗಿಸಿ ಅಂಗೈ ಮೇಲೆ ಮಾಡಿದರು. ಗಂಟು ಹಲಗೆಯಿಂದ ಎದ್ದು ನಿಂತದ್ದು, ಆ ಒತ್ತು ಇಳಿದದ್ದು ಸ್ಪಷ್ಟವಾಗಿ ತಿಳಿಯಿತು. "ಇನ್ನು ನಿನಗೆ ಯಾರೂ ಹೇಳಬೇಕಾಗಿಲ್ಲ" ಎಂದರು. ಹಾಸ್ಟೆಲಿಗೆ ಹೋಗುವಾಗ ಕಂಕನಾಡಿಯ ಮಾರುಕಟ್ಟೆಯ ಬಳಿ ನಿಂತು ಅತ್ತೆ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಮ್ಮ ಸಮಾಧಾನ ಹೇಳಲಿಲ್ಲ. "ಅವರಿಗೆ ಹೇಳಿದ್ದೀಯಾ?" ಎಂದರು. ಹೇಳಿರಲಿಲ್ಲ. ಮರುದಿನ ಬೆಳಿಗ್ಗೆ ವೈದ್ಯರ ಅನುಮತಿ ಕೇಳಿ, ಅವರ ಜೊತೆಯಲ್ಲೇ ಹೋಗಿ ಹೇಳಿದೆ: ನಿಮ್ಮ ಕೈ ಇಟ್ಟವಳು ನಾನು, ಇನ್ನೂ ಚೆನ್ನಾಗಿ ಇಡಬೇಕಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗಳ ಮದುವೆಯ ಸಾಲ ಇನ್ನೂ ಎಷ್ಟು ಉಳಿದಿದೆ ಎಂದು ಹೇಳಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆರು ವಾರಗಳ ನಂತರ ಮರುತಪಾಸಣೆಗೆ ಬಂದಾಗ ನನ್ನನ್ನು ಕೇಳಿಕೊಂಡು ಓಟಿಯ ಬಾಗಿಲಿಗೆ ಬಂದರು. ಬಲಗೈ ಚಾಚಿ ಬೆರಳುಗಳನ್ನು ಅಗಲಿಸಿ ಮುಚ್ಚಿ ತೋರಿಸಿದರು. "ಇತ್ತೆ ಆಪುಂಡು" ಎಂದರು, ಈಗ ಆಗುತ್ತದೆ. ಕಿರುಬೆರಳ ತುದಿಯಲ್ಲಿ ಸ್ವಲ್ಪ ಮಂಕು ಉಳಿದಿದೆಯಂತೆ, ದಿನಕ್ಕೆ ಮೊದಲಿನಷ್ಟು ಕಟ್ಟಲು ಇನ್ನೂ ಸಮಯ ಬೇಕಂತೆ. ಆ ಆರು ವಾರ ಅವರ ಮನೆಗೆ ಬರದೆ ಹೋದ ದುಡ್ಡಿನ ಲೆಕ್ಕ ನನಗೆ ಚೆನ್ನಾಗಿ ಮಾಡಲು ಬರುತ್ತದೆ, ನಮ್ಮ ಮನೆಯಲ್ಲಿ ಅದೇ ಲೆಕ್ಕ. ಅದನ್ನು ಯಾವ ದಾಖಲೆಯಲ್ಲೂ ಬರೆಯುವುದಿಲ್ಲ.

ಈ ಕೋರ್ಸಿಗೆ ಸೇರಬೇಕೆಂದಿರುವ ಹುಡುಗ ಹುಡುಗಿಯರು ನನ್ನನ್ನು ಸಂಬಳದ ಬಗ್ಗೆ, ಹೊರದೇಶದ ಕೆಲಸದ ಬಗ್ಗೆ ಕೇಳುತ್ತಾರೆ. ಕೇಳುವುದು ತಪ್ಪಲ್ಲ, ಮನೆ ನಡೆಯಬೇಕು. 2021ರಲ್ಲಿ ಸಂಸತ್ತು ನಮ್ಮಂಥವರಿಗಾಗಿ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಮಾಡಿದೆ, ನೋಂದಣಿಗೆ ಒಂದು ದಾರಿ ಆಗಿದೆ. ಇದು ನಮಗೆ ಬಹಳ ಹಿಂದೆಯೇ ಸಿಗಬೇಕಿತ್ತು. ಊರಿನಲ್ಲಿ ಇಂದಿಗೂ ನನ್ನನ್ನು ನರ್ಸ್ ಎಂದೇ ಪರಿಚಯಿಸುತ್ತಾರೆ. ನಾನು ನಿಂತು ವಿವರಿಸುತ್ತೇನೆ, ಬೇಸರವಿಲ್ಲದೆ. ನಮ್ಮ ಕೆಲಸ ಚೆನ್ನಾಗಿ ಆದ ದಿನ ರೋಗಿಗೆ ನಮ್ಮ ಮುಖವೇ ನೆನಪಿರುವುದಿಲ್ಲ. ಸೇರುವ ಮೊದಲು ಒಮ್ಮೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿ, ಕೈಚಾಚಿ, ಇಪ್ಪತ್ತು ನಿಮಿಷ ಅಲುಗಾಡದೆ ಇದ್ದು ನೋಡಿ ಎಂದು ಅವರಿಗೆ ಹೇಳುತ್ತೇನೆ.

ಕಳೆದ ವಾರ ಒಬ್ಬ ಹಿರಿಯರು ಹರ್ನಿಯಾ ಶಸ್ತ್ರಚಿಕಿತ್ಸೆಗೆ ಬಂದಿದ್ದರು. ಉಡುಪಿಯ ಕಡೆಯವರು, ಎಪ್ಪತ್ತು ದಾಟಿದೆ. ಹೆಸರು ಕೇಳಿದೆ, ಬದಿ ಕೇಳಿದೆ. ಮೇಜಿನ ಮೇಲೆ ಮಲಗಿಸಿ ಮೊಣಕೈ ಕೆಳಗೆ ಮೆತ್ತೆ ಇಟ್ಟು, ಬೆರಳು ತೂರಿಸಿ ಅದು ಸರಿಯಾಗಿದೆಯೇ ಎಂದು ನೋಡಿ, ಕೈಯನ್ನು ಮೆಲ್ಲಗೆ ತಿರುಗಿಸಿ ಅಂಗೈ ಮೇಲೆ ಮಾಡಿದೆ. ಹೀಗೆ ಹಿತವಾಗಿದೆಯೇ ಎಂದು ಎಚ್ಚರವಿರುವಾಗಲೇ ಕೇಳಿಬಿಡುತ್ತೇನೆ ಈಗ. ಅವರು ತಲೆ ಹೊರಳಿಸಿ ತಮ್ಮ ತೆರೆದ ಅಂಗೈಯನ್ನು ನೋಡಿಕೊಂಡರು.

"ತೀರ್ಥಕ್ಕೆ ಕೈ ಒಡ್ಡಿದ ಹಾಗಾಯಿತಲ್ಲ ಮಗಳೇ" ಎಂದರು.

ಹೌದು ಎಂದೆ. ಅರಿವಳಿಕೆ ವೈದ್ಯರು ಮಾಸ್ಕನ್ನು ಅವರ ಮುಖದ ಹತ್ತಿರ ತಂದರು.